ಅತ್ತಿಗೆಯ ಹೊಟ್ಟೆಗೆ ಹೊಸ ಅಳತೆ ಕೊಳವೆ

"ನನ್ ಹೆಂಡ್ತಿ ಏನು ಪ್ರಯೋಗದ ಇಲೀನೇನೋ?"

ಆಸ್ಪತ್ರೆಯ ಕಾರಿಡಾರಿನಲ್ಲಿ ಅಣ್ಣ ನನ್ನ ಮೇಲೆ ರೇಗಿದ. (ರೇಗೋಣವೆಂದರೆ ಡಾಕ್ಟರು ಕೈಗೆ ಸಿಗಲಿಲ್ಲ, ತಮ್ಮ ಸಿಕ್ಕಿದ!)

ನಾವು ಮಡಕಶಿರದವರು. ಅತ್ತಿಗೆ ನಾಗವೇಣಿ ರಾಯದುರ್ಗದವಳು. ಮದುವೆಯಾದ ಮೇಲೂ ತನ್ನ ಜೀನ್ಸ್ ಹೊಲಿಗೆ ಘಟಕ ಬಿಟ್ಟು ಬರಲೊಪ್ಪಲಿಲ್ಲ. ಅಣ್ಣನೇ ಅಲ್ಲಿಗೆ ಹೋದ. ಅಂಥ ಗಟ್ಟಿಗಿತ್ತಿಗೆ ಈಚೆಗೆ ಘಟಕದ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮೈಭಾರ, ಶುಗರ್, ಮಂಡಿನೋವು. ಡಯಟ್, ವಾಕಿಂಗ್ ಎಲ್ಲ ಸೋತ ಮೇಲೆ ಬೆಂಗಳೂರಿನಲ್ಲಿ ಹೊಟ್ಟೆ ಕಿರಿದು ಮಾಡುವ ಆಪರೇಷನ್ ನಿಶ್ಚಯವಾಯಿತು.

ಅದರಲ್ಲಿ ಬಾಯಿಯಿಂದ ಜಠರಕ್ಕೆ ಒಂದು ಕೊಳವೆ ಇಳಿಸುತ್ತಾರೆ. ಅದೇ ಅಳತೆ. ಅದರ ಪಕ್ಕದಲ್ಲೇ ಜಠರ ಕತ್ತರಿಸಿ, ಉಳಿದದ್ದನ್ನು ತೆಗೆದುಹಾಕುತ್ತಾರೆ. ಡಾಕ್ಟರ ಬಳಿ, ಒಳಗೆ ಜರುಗದ ಹಾಗೆ ತುದಿಯಲ್ಲಿ ಗಾಳಿ ತುಂಬುವ ಬಲೂನಿರುವ ಹೊಸ ಕೊಳವೆ ಬಂದಿತ್ತು. ಅದರ ಟ್ರಯಲ್‌ಗೆ ಒಪ್ಪುತ್ತೀರಾ ಅಂತ ಕೇಳಿದ್ದರು.

"ಒಳಗ ಹೋದ್ಮ್ಯಾಲೆ ಅದು ಕೈ ಕೊಟ್ರ ಏನ್ ಮಾಡ್ತೀರಿ ಡಾಕ್ಟ್ರೇ?" ಅಂದಳು ಅತ್ತಿಗೆ.

"ಕತ್ತರಿ ಹಾಕೋ ಮುಂಚೆನೇ ಗೊತ್ತಾಗುತ್ತಮ್ಮ. ತೆಗೆದು ಹಳೇದನ್ನೇ ಹಾಕ್ತೀನಿ."

"ಹಂಗಾದ್ರ ಹಾಕ್ರಿ."

ಅಣ್ಣನ ಕೂಗಾಟ ಲೆಕ್ಕಕ್ಕೆ ಬರಲಿಲ್ಲ.

ಆಪರೇಷನ್ ಮುಗಿಸಿ ಡಾಕ್ಟರು ಹೊರಬಂದರು. "ಅವರು ಚೆನ್ನಾಗಿದ್ದಾರೆ. ಹೊಸ ಕೊಳವೆ ಮಾತ್ರ ಫೇಲ್. ಬಲೂನು ಗಾಳಿ ಹಿಡಿಯಲಿಲ್ಲ. ಹಳೇದರಲ್ಲೇ ಮುಗಿಸಿದೆ."

ಅಣ್ಣನ ಮುಖ ಕೆಂಪಾಯಿತು. "ನಾನು ಹೇಳ್ಲಿಲ್ವಾ!" ಅಂತ ಕುದಿಯುತ್ತಲೇ ಇದ್ದು, ಸಂಜೆ ವಾರ್ಡಿಗೆ ನುಗ್ಗಿದ. ಎಚ್ಚರವಾಗಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡಳು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

"ಯಾಕ ಒದರ್ತೀರಿ? ಕೆಟ್ಟದ್ದನ್ನ ಅವರೇ ಬಂದು ಹೇಳ್ಯಾರ. ಹೇಳದಿದ್ರ ನಿಮಗ ಗೊತ್ತಾಗ್ತಿತ್ತೇನ್ರಿ?"

ಅಣ್ಣ ಮಂಚದ ಪಕ್ಕ ಕೂತ. ನಾನೂ.

ಈಗ ಅತ್ತಿಗೆ ಅರ್ಧ ಇಡ್ಲಿಗೇ ಸಾಕು ಅನ್ನುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಮೊನ್ನೆ ಡಾಕ್ಟರು ಫೋನ್ ಮಾಡಿದ್ದರಂತೆ: ಕೊಳವೆ ಸರಿಮಾಡಿದ್ದಾರೆ, ಮತ್ತೆ ಟ್ರಯಲ್ ಇದೆ, ಒಬ್ಬ ಹೆಂಗಸು ಹೆದರಿದ್ದಾರೆ, ನೀವು ನಡೆದದ್ದನ್ನು ನಡೆದ ಹಾಗೇ ಹೇಳ್ತೀರಾ ಅಂತ. ಅತ್ತಿಗೆ ಬಲೂನಿನ ಕಥೆಯನ್ನು ಅವರಿಗೆ ಒಂದೂ ಬಿಡದೆ ಹೇಳಿದ್ದಾಳೆ. ಕೇಳಿದ ಮೇಲೆ ಆ ಹೆಂಗಸು ಒಪ್ಪಿದ್ದಾರೆ!

ಯಾವ ಸಾಧನ ತಾನೇ ಮೊದಲ ದಿನವೇ ಪಾಸಾಗಿದೆ? ಫೇಲಾದದ್ದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಫೇಲಾಯಿತು ಅಂತ ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಜನ ಮತ್ತೆ ನಂಬುತ್ತಾರೆ.

ಎಲ್ಲದರಲ್ಲೂ ನೂರಕ್ಕೆ ನೂರು ಅನ್ನುವವರ ಕೈಗೆ ನೀವು ಹೊಟ್ಟೆ ಕೊಡುತ್ತೀರಾ?