ಎರಡು ಮನೆಗೆ ಒಂದೇ ನಡುಗೋಡೆ

ಕೆಲಸದವರು ನಮ್ಮ ಮನೆ ಕೆಡವಲೆಂದು ಮೊದಲ ಸಾಲಿನ ಹೆಂಚು ಇಳಿಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು ಜಗಲಿಯ ಮುಂದೆ ನಿಂತರು. ಬಚ್ಚಲ ನೀರಿನ ಜಗಳವಾಗಿ ಏಳು ವರ್ಷದಿಂದ ಅವರು ನನ್ನೊಡನೆ ಮಾತಾಡಿರಲಿಲ್ಲ. ಇನ್ನೊಂದು ಜಗಳಕ್ಕೇ ಬಂದರೆಂದುಕೊಂಡೆ.

“ನಡುಗೋಡೆ ಎರಡು ಮನೆಗೂ ಒಂದೇ ಕಣವ್ವ. ನಿಂದು ಬಿದ್ರೆ ನಂದು ನಿಲ್ಲಕಿಲ್ಲ, ನಂದು ಬಿದ್ರೆ ಅದರಾಚೆ ಮನೇದು. ಒಂದು ವಾರ ತಡಿ, ಎಲ್ಲ ಸೇರಿ ಸರಿ ಮಾಡವ” ಎಂದರು.

ತೊಂಬತ್ತರ ದಶಕದ ಮಾತಿದು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವವರ ಹಳೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಮ್ಮ ತೊಲೆಗೆ ಗೆದ್ದಲು ಹಿಡಿದು, ಮಳೆ ಬಂದರೆ ಮಗ್ಗದ ಮೇಲೇ ನೀರು ಸುರಿಯುತ್ತಿತ್ತು. ಕೆಡವದೆ ಬೇರೆ ದಾರಿಯಿಲ್ಲವೆಂದು ತೀರ್ಮಾನಿಸಿದ್ದೆವು. ಪುಟ್ಟತಾಯಮ್ಮನ ಮಾತು ಕೇಳಿ ನನ್ನ ಗಂಡ ಕೆಲಸ ನಿಲ್ಲಿಸಿದರು.

ಭಾನುವಾರ ಬೀದಿಯ ಅಷ್ಟೂ ಮಗ್ಗ ಸುಮ್ಮನಾದವು. ಪುಟ್ಟತಾಯಮ್ಮನ ತಮ್ಮ ಮುಳ್ಳೂರಿನಿಂದ ಎತ್ತಿನ ಗಾಡಿಯಲ್ಲಿ ತೊಲೆ ತಂದರು. ಗಂಡಸರು ಸೂರು ಹತ್ತಿದರು. ಹೆಂಗಸರು ಸಾಲಾಗಿ ನಿಂತು, ಪಾಚಿ ಉಜ್ಜಿದ ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ನನ್ನ ಪಕ್ಕದಲ್ಲಿ ಪುಟ್ಟತಾಯಮ್ಮನೇ ಇದ್ದರು.

“ಅವತ್ತು ನಾನೂ ವಸಿ ಜಾಸ್ತಿನೇ ಮಾತಾಡ್ಬುಟ್ಟೆ” ಎಂದು ಹೆಂಚು ಚಾಚಿದರು.

“ನಾನೂ ಅಷ್ಟೇ ಕಣಕ್ಕ” ಎಂದು ಹೆಂಚು ಇಸಿದುಕೊಂಡು ಮುಂದಿನವಳಿಗೆ ದಾಟಿಸಿದೆ.

ಆಮೇಲೆ ಪ್ರತಿ ಬೇಸಿಗೆಯಲ್ಲೂ ಬೀದಿಯವರು ಕೂಡಿ ಒಂದೊಂದು ಮನೆ ರಿಪೇರಿ ಮಾಡುವುದು ರೂಢಿಯಾಯಿತು. ನಮ್ಮ ಹಾಗೆ ಮನೆ ಕೆಡವಬೇಕೆಂದಿದ್ದ ಬೀದಿಯ ಇನ್ನಿಬ್ಬರೂ ಮನಸ್ಸು ಬದಲಿಸಿದರು. ಹೋದ ಬೇಸಿಗೆಗೆ ಕೊನೆಯ ಮನೆಯೂ ಮುಗಿಯಿತು. ಈವರೆಗೆ ನಮ್ಮ ಬೀದಿಯಲ್ಲಿ ಒಂದು ಮನೆಯೂ ಬಿದ್ದಿಲ್ಲ.