ಎಸ್ತೇರಕ್ಕನ ಚೀಟಿ

ಮೊನ್ನೆ ಮೊಮ್ಮಗನಿಗೆ ಸಂಡೇ ಸ್ಕೂಲಿನ ಕಾರ್ಯಕ್ರಮಕ್ಕೆಂದು ಖಾಕಿ ಉಡುಪು ಹೊಲಿಸಿ ತಂದರು. ಹೊಸ ಖಾಕಿಗೆ ಒಂದು ಗಂಜಿಯ ವಾಸನೆ ಉಂಟು, ನೀವು ಬಲ್ಲಿರಿ. ಹುಡುಗ ಅದನ್ನು ತೊಟ್ಟು, ಮರದ ಬಂದೂಕು ಹೆಗಲಿಗೇರಿಸಿ, "ಅಜ್ಜ, ನಾನು ಯೇಸುವಿನ ಸೈನಿಕ" ಎಂದು ಸೆಲ್ಯೂಟ್ ಹೊಡೆದ. ಎಲ್ಲರೂ ನಕ್ಕರು. ನಾನು ಮಾತ್ರ, "ಅದನ್ನು ಕೆಳಗಿಡು" ಎಂದು ಗದರಿಬಿಟ್ಟೆ. ಮಗು ಅಳುಮೋರೆ ಮಾಡಿತು. "ಎಂತಾಯ್ತು ಅಪ್ಪ ನಿಮಗೆ? ಮಕ್ಕಳ ಆಟ ಅಲ್ವಾ?" ಎಂದ ನನ್ನ ಮಗ. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ನಮ್ಮೂರು ಜೆಪ್ಪುವಿನಲ್ಲಿ, ಗೆಳೆಯ ಆನಂದ ಮಿಲಿಟರಿಯಿಂದ ರಜೆಗೆ ಬಂದು ನನ್ನನ್ನು ತಬ್ಬಿಕೊಂಡ ದಿನ.

ನನಗಾಗ ಇಪ್ಪತ್ತಾರು. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ, ನಮ್ಮ ಕ್ರೈಸ್ತ ಸಭೆಯ ಯುವಕ ಸಂಘದ ಕಾರ್ಯದರ್ಶಿ. ಎರಡನೆಯದರ ಜಂಬವೇ ಹೆಚ್ಚು. ನಮ್ಮಲ್ಲಿ ಮನೆಮಾತು ತುಳು, ಜಗಳವೂ ತುಳು. ದೇವರ ಹತ್ತಿರ ಮಾತ್ರ ಕನ್ನಡ, ಅದೂ ಇಸ್ತ್ರಿ ಹಾಕಿದ ಕನ್ನಡ. ಅದನ್ನು ನನ್ನಷ್ಟು ಚೆಂದ ಓದುವವರು ಊರಲ್ಲೇ ಇಲ್ಲ ಎಂದು ನಾನು ನಂಬಿದ್ದೆ. ಗುರುವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ಚೀಟಿ ಓದುವ ಕೆಲಸ ಹಾಗಾಗಿ ನನ್ನ ಪಾಲಿಗೆ ಬಂದಿತ್ತು. ಬಾಗಿಲ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇಡುತ್ತಿದ್ದರು. ಯಾರಿಗೆ ಜ್ವರ, ಯಾರ ಮಗಳಿಗೆ ಸಂಬಂಧ ಕೂಡಿಬಂದಿಲ್ಲ, ಎಲ್ಲವನ್ನೂ ಬರೆದು ಅದರಲ್ಲಿ ಹಾಕುವುದು. ನಾನು ಒಂದೊಂದಾಗಿ ಓದಿದಂತೆ ಎಲ್ಲರೂ ಸೇರಿ ಪ್ರಾರ್ಥಿಸುವುದು. ಬಂದ ಚೀಟಿಯನ್ನು ಓದದೆ ಬಿಡುವ ಹಾಗಿಲ್ಲ. ಒಬ್ಬರು ಒದೆಯುವ ಎಮ್ಮೆಗಾಗಿ ಬರೆದಿದ್ದರು. ಅದನ್ನೂ ಪ್ರವಾದಿಯ ಗತ್ತಿನಲ್ಲೇ ಓದಿದ್ದೆ. ನಗಬೇಡಿ, ಎಮ್ಮೆ ಸುಧಾರಿಸಿತು ಎಂದೇ ಅವರು ಹೇಳುತ್ತಿದ್ದರು.

ಆನಂದ ನನ್ನ ಜೊತೆ ಓದಿದವನು. ಅವನ ತಾಯಿ ಎಸ್ತೇರಕ್ಕ ವಿಧವೆ, ಹೊಲಿಗೆ ಮಾಡಿ ಅವನನ್ನು ಸಾಕಿದವರು. ಮಾತು ಕಡಿಮೆ, ಮೂರನೆಯ ಬೆಂಚು ಕಾಯಂ. ಅವನು ಮಿಲಿಟರಿ ಸೇರುವಾಗ ಅವರು ಬೇಡ ಅನ್ನಲಿಲ್ಲ. "ಹೊಟ್ಟೆಪಾಡು, ಹೋಗ್ಲಿ" ಎಂದಿದ್ದರು, ಅಷ್ಟೆ.

ಅರವತ್ತೆರಡರಲ್ಲಿ ಚೀನಾದ ಯುದ್ಧ ಸುರುವಾಯಿತು. ಆನಂದ ಅಲ್ಲೇ, ಹಿಮದ ಗಡಿಯಲ್ಲಿ. ಒಂದು ದಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ ಪಕ್ಕದ ಮೇಜಿನವರೊಬ್ಬರು ನಗುತ್ತಲೇ ಕೇಳಿದರು: "ನಿಮ್ಮ ಚರ್ಚಿನಲ್ಲಿ ಯಾವ ದೇಶದ ಪರವಾಗಿ ಪ್ರಾರ್ಥನೆ ಮಾರಾಯ್ರೇ?" ತಮಾಷೆಗೇ ಕೇಳಿದ್ದು. ಆದರೆ ನನಗೆ ಮುಖ ಬೆಂದ ಹಾಗಾಯಿತು. ಮುಂದಿನ ಭಾನುವಾರವೇ ಹಿರಿಯರನ್ನು ಒಪ್ಪಿಸಿ ಶಿಲುಬೆಯ ಪಕ್ಕದಲ್ಲಿ ಬಾವುಟ ನಿಲ್ಲಿಸಿದೆ. ನಮ್ಮ ಕೀರ್ತನೆಗಳಲ್ಲಿ ಕತ್ತಿ ಗುರಾಣಿಗಳಿಗೆ ಬರವಿಲ್ಲ. ಅವೆಲ್ಲ ಪಾಪದ ಮೇಲಿನ ಯುದ್ಧಕ್ಕೆ ಎಂದು ಚಿಕ್ಕಂದಿನಲ್ಲಿ ಕಲಿತಿದ್ದೆವು. ಆ ತಿಂಗಳು ಎಲ್ಲವನ್ನೂ ಚೀನಾದ ಕಡೆ ತಿರುಗಿಸಿ ಕಿರುಚಿದೆವು. ಹಾಡುವಾಗ ಮೈ ಜುಮ್ಮೆನ್ನುತ್ತಿತ್ತು. ಸುಳ್ಳು ಯಾಕೆ, ಬಹಳ ಖುಷಿಯಾಗುತ್ತಿತ್ತು.

ಬಾವುಟ ನಿಲ್ಲಿಸಿದ ಮೇಲಿನ ಮೊದಲ ಗುರುವಾರ ಡಬ್ಬಿಯಲ್ಲಿ ಎಸ್ತೇರಕ್ಕನ ಚೀಟಿ ಸಿಕ್ಕಿತು. ಪೆನ್ಸಿಲಿನ ಓರೆ ಅಕ್ಷರ. "ನನ್ನ ಮಗನಿಗಾಗಿ, ಅವನ ಎದುರು ಬಂದೂಕು ಹಿಡಿದು ನಿಂತ ಹುಡುಗನಿಗಾಗಿಯೂ ಪ್ರಾರ್ಥಿಸಿರಿ." ಇದನ್ನು ಓದಿದರೆ, ಹೊರಗೆ ಯಾರಾದರೂ ಕೇಳಿಸಿಕೊಂಡರೆ? ಮೊದಲ ಅರ್ಧ ಓದಿದೆ, ಉಳಿದದ್ದನ್ನು ನುಂಗಿದೆ. ಆಮೆನ್ ಆದ ಮೇಲೂ ಎಸ್ತೇರಕ್ಕ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು. ಮುಂದಿನ ಗುರುವಾರ ಮತ್ತೆ ಅದೇ ಚೀಟಿ. ಮತ್ತೆ ಅರ್ಧವೇ ಓದಿದೆ. ಮೂರನೆಯ ವಾರವೂ ಹಾಕಿದರು. ನಾನು ಆಗಲೂ ಅರ್ಧಕ್ಕೇ ನಿಲ್ಲಿಸಿದೆ.

ನಾಲ್ಕನೆಯ ವಾರ ಚೀಟಿ ಬರಲಿಲ್ಲ. ತಂತಿ ಬಂದಿತ್ತು. ಆನಂದ ಹೋಗಿದ್ದ.

ಸ್ಮರಣೆಯ ಆರಾಧನೆಗೆ ದೇವಾಲಯ ತುಂಬಿ ಅಂಗಳದಲ್ಲೂ ಜನ. ಪೇಟೆಯ ದೊಡ್ಡವರೆಲ್ಲ ಬಂದಿದ್ದರು. ನಮ್ಮ ದೇವಾಲಯದ ಮೆಟ್ಟಿಲು ಅಷ್ಟರವರೆಗೆ ಹತ್ತದವರೂ ಬಂದಿದ್ದರು. ಭಾಷಣ ನನ್ನದೇ. ರಾತ್ರಿಯಿಡೀ ಬರೆದಿದ್ದೆ. ಗೆಳೆಯನ ಮೇಲೆ ಪ್ರೀತಿ ಇತ್ತು, ಖಂಡಿತ ಇತ್ತು. ಆದರೆ ಅದಕ್ಕಿಂತ ಮುಂದಿನ ಸಾಲಿನ ದೊಡ್ಡವರ ಮೇಲೆ ಕಣ್ಣಿತ್ತು. "ಆನಂದನ ಅಮೂಲ್ಯ ರಕ್ತದಿಂದ ನಮಗೆ ವಿಮೋಚನೆಯಾಯಿತು" ಎಂದೆ. ನಮ್ಮವರಿಗೆ ಗೊತ್ತು, ಆ ಮಾತು ನಾವು ಬೇರೆ ಯಾರಿಗೂ ಹೇಳುವುದಲ್ಲ. ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ, ಯೇಸುವಿಗೆ ಮಾತ್ರ ಹೇಳುವುದು. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ನಮ್ಮ ದೇವಾಲಯದಲ್ಲಿ ಅದುವರೆಗೆ ಚಪ್ಪಾಳೆ ಬಿದ್ದದ್ದೇ ಇಲ್ಲ.

ಎಸ್ತೇರಕ್ಕ ಎದ್ದು ನಿಂತರು. ಮೂವತ್ತು ವರ್ಷ ಆ ಗೋಡೆಗಳೊಳಗೆ ಕನ್ನಡವನ್ನೇ ಆಡಿದ ಹೆಂಗಸು ಅಂದು ತುಳುವಿನಲ್ಲಿ ಹೇಳಿದರು: "ಆಯೆ ಎನ್ನ ಮಗೆ. ಆಯನ್ ಯೇಸು ಮಲ್ಪೊಡ್ಚಿ." ಅವನು ನನ್ನ ಮಗ, ಅವನನ್ನು ಯೇಸು ಮಾಡಬೇಡ. ಜೋರಾಗಿ ಹೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿತು. ನನ್ನ ಕೈಯ ಕಾಗದದಲ್ಲಿ ಇನ್ನೂ ಎರಡು ಪುಟ ಇತ್ತು. ಇಳಿದು ಬಂದು ಕೂತೆ.

ಹದಿನೈದು ದಿನ ಅವರ ಮನೆಯ ದಾರಿ ತಪ್ಪಿಸಿ ನಡೆದೆ. ಕೊನೆಗೆ ತಡೆಯಲಾರದೆ ಹೋದೆ. ಅವರು ಯಾರದೋ ಮಗುವಿನ ಅಂಗಿಗೆ ಗುಬ್ಬಿ, ಅದೇ ಗುಂಡಿ, ಹಚ್ಚುತ್ತಿದ್ದರು. "ಬಾ, ಕೂತ್ಕೋ" ಎಂದರು. ನಾನು ನಿಂತೇ ಹೇಳಿದೆ: "ಎಸ್ತೇರಕ್ಕ, ನಿಮ್ಮ ಚೀಟಿ ನಾನು ಪೂರ್ತಿ ಓದ್ಲಿಲ್ಲ. ಹೆದರಿದೆ."

"ಗೊತ್ತುಂಟು."

"ನೀವು ದೊಡ್ಡವರು. ವೈರಿಗೂ ಪ್ರಾರ್ಥನೆ ಮಾಡುವ ಮನಸ್ಸು ನಿಮಗಿತ್ತು. ನಮಗೆ ಇರಲಿಲ್ಲ."

ಅವರು ಸೂಜಿ ಕೆಳಗಿಟ್ಟರು. "ನನಗೆಲ್ಲಿತ್ತು ಮಾರಾಯ? ಇದ್ದಿದ್ದರೆ ಮನೆಯಲ್ಲೇ ಮಾಡ್ತಿದ್ದೆ, ಡಬ್ಬಿಗೆ ಯಾಕೆ ಹಾಕ್ಬೇಕಿತ್ತು? ಮೊಣಕಾಲೂರಿದರೆ ಆ ಹುಡುಗ ಸಾಯ್ಲಿ ಅಂತಲೇ ಬಾಯಿಗೆ ಬರ್ತಿತ್ತು. ಅವನಿಗೂ ಒಬ್ಬಳು ತಾಯಿ ಇರ್ತಾಳೆ ಅಂತ ಗೊತ್ತಿದ್ದೂ ಬರ್ತಿತ್ತು. ನನ್ನೊಬ್ಬಳಿಂದ ಆಗ್ಲಿಲ್ಲ. ನೀವೆಲ್ಲ ಕೂಡಿದರೆ ಆದೀತು ಅಂತ ಹಾಕಿದ್ದು."

ನಾನು ಮೂರ್ಖನ ಹಾಗೆ, "ಈಗ?" ಎಂದೆ.

"ಈಗಂತೂ ಆಗುವುದೇ ಇಲ್ಲ" ಎಂದು ಅವರು ಸೂಜಿ ಎತ್ತಿಕೊಂಡರು.

ಎಸ್ತೇರಕ್ಕ ತೀರಿಹೋಗಿ ಎಷ್ಟೋ ವರ್ಷವಾಯಿತು. ಆ ಪ್ರಾರ್ಥನೆ ಅವರಿಂದ ಆಯಿತೋ ಇಲ್ಲವೋ ಕೊನೆಯವರೆಗೂ ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಈ ಕಥೆಯನ್ನು ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಮಗು ಮಲಗಿದ ಮೇಲೆ ಮಗನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಪೇಪರಿನಲ್ಲಿ ಅಂದೂ ಗಡಿಯ ಸುದ್ದಿ ಇತ್ತು, ಎರಡೂ ಕಡೆ ಸತ್ತವರಿದ್ದರು. "ಆಚೆ ಕಡೆಯವರಿಗೂ ಸೇರಿಸಿ ಪ್ರಾರ್ಥನೆ ಮಾಡ್ಬೇಕು ಅಂತ ದಿನಾ ನೋಡ್ತೇನೆ. ನನ್ನೊಬ್ಬನಿಂದ ಆಗುವುದಿಲ್ಲ" ಎಂದೆ.

ಮಗ ಪೇಪರು ಮಡಚಿಟ್ಟ. ಕುರ್ಚಿ ಎಳೆದು ನನ್ನ ಪಕ್ಕ ಕೂತು, ಕಣ್ಣು ಮುಚ್ಚಿದ.