ವಂಶವೃಕ್ಷದಲ್ಲಿ ನನ್ನ ಸಾಲು

ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕಾಗಿ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದೆ. ನಾನು ಹುಟ್ಟಿದ ವರ್ಷದ ರಿಜಿಸ್ಟರಿನಲ್ಲಿ ನಾನೇ ಇರಲಿಲ್ಲ. ಅಲ್ಲಿದ್ದವರ ಮೇಲೆ ರೇಗಾಡಿ ಮನೆಗೆ ಬಂದರೆ, ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು: "ಅವರನ್ನ ಯಾಕೆ ಬೈತೀಯಾ? ನೀನು ಹುಟ್ಟಿದ್ದು ಇಲ್ಲಲ್ಲ ಕಣಮ್ಮಾ, ಜಡಿಗೇನಹಳ್ಳಿ ಕಡೆ. ನಿನ್ನ ಹೆತ್ತೋಳಿಗೆ ಹುಷಾರಿರಲಿಲ್ಲ, ನಮಗೆ ಮಕ್ಕಳಿರಲಿಲ್ಲ. ಮೂರು ತಿಂಗಳ ಕೂಸನ್ನ ನನ್ನ ಮಡಿಲಿಗೆ ಹಾಕಿದ್ರು."

ನನಗಾಗ ನಲವತ್ತೆರಡು. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಹೆತ್ತವರ ಹೆಸರು, ಊರು ಚೀಟಿಯಲ್ಲಿ ಬರೆದುಕೊಟ್ಟು, "ಹೋಗಿ ನೋಡ್ಕೊಂಡು ಬಾ, ನಾನೇನು ಬೇಜಾರು ಮಾಡ್ಕೊಳಲ್ಲ" ಎಂದರು. ಬೇಜಾರಾಗಿದ್ದು ಮುಖದಲ್ಲೇ ಕಾಣುತ್ತಿತ್ತು.

ಆ ಊರಿನ ತಾಲ್ಲೂಕಾದ ಹೊಸಕೋಟೆಯ ಜನನ ರಿಜಿಸ್ಟರಿನಲ್ಲಿ ನಾನು ಸಿಕ್ಕಿದೆ: ಹೆಣ್ಣು ಮಗು, ಹೆಸರಿನ ಜಾಗ ಖಾಲಿ. ಆದರೆ ಆ ಮನೆಯ ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ. ಈಗ ಆ ಕಡೆ ಅಂಗೈಯಗಲ ಜಮೀನಿಗೂ ಚಿನ್ನದ ಬೆಲೆ. ಇಷ್ಟು ವರ್ಷದ ಮೇಲೆ ಬರುವ ಮಗಳು ಭಾಗ ಕೇಳಲು ಬಂದವಳೆಂದೇ ಅರ್ಥ. ಅವರು ಜಮೀನು ಭಾಗ ಮಾಡಿಕೊಳ್ಳಲು ವಂಶವೃಕ್ಷ ಮಾಡಿಸಿದ್ದಾರೆಂದು ಊರಿನಲ್ಲಿ ಯಾರೋ ಹೇಳಿದರು. ನಾಡಕಚೇರಿಯಲ್ಲಿ ಅದರ ನಕಲಿಗೆ ಅರ್ಜಿ ಹಾಕಿದೆ. ಅದರಲ್ಲಿ ನಾನಿಲ್ಲದಿದ್ದರೆ ಅವರ ತಂಟೆಗೇ ಹೋಗಬಾರದು ಎಂದು ತೀರ್ಮಾನಿಸಿದ್ದೆ. ಕೊಟ್ಟುಬಿಟ್ಟ ಮಗಳನ್ನು ಅಂಥ ಕಾಗದದಲ್ಲಿ ಯಾರು ತಾನೇ ಬರೆಸುತ್ತಾರೆ?

ನಕಲು ಬಂತು. ತಂದೆ, ಮರಣ. ತಾಯಿ, ಜೀವಂತ. ಇಬ್ಬರು ಗಂಡುಮಕ್ಕಳು. ಅವರ ಕೆಳಗೆ: "ಮಗಳು, ಸಾಕಲು ಕೊಟ್ಟಿದೆ, ಜೀವಂತ." ಅಲ್ಲೇ ಬೆಂಚಿನ ಮೇಲೆ ಕೂತು, ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಯೂ ಇಲ್ಲದೆ ಅತ್ತುಬಿಟ್ಟೆ.

ಆ ವಾರವೇ ಹೋದೆ. ಬಾಗಿಲು ತೆಗೆದ ಹಿರಿಯಣ್ಣನಿಗೆ ನಾನು ಯಾರೆಂದು ಹೇಳಿದೆ. "ಭಾಗಕ್ಕೆ ಬಂದ್ರಾ?" ಎಂದು ಮುಖಕ್ಕೆ ಹೊಡೆದಂತೆ ಕೇಳಿದ. ಬೇಡವೆಂದು ಈಗಲೇ ಬರೆದುಕೊಡುತ್ತೇನೆ, ಹೆತ್ತಮ್ಮನನ್ನು ನೋಡಿ ಹೋಗುತ್ತೇನೆ ಎಂದೆ.

ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದ ಮುದುಕಿ ನನ್ನ ಮುಖ ಸವರಿದರು.

"ನೀನೆಲ್ಲಿದೀಯ ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣವ್ವಾ. ನಿನ್ನನ್ನ ಬರೆಯೋ ತನಕ ಹೆಬ್ಬೆಟ್ಟು ಒತ್ತಲ್ಲ ಅಂದ್ಬಿಟ್ಟೆ. ಇವ್ರೆಲ್ಲ ಜಗಳಕ್ಕೇ ಬಂದ್ರು. ಕಾಗದದಲ್ಲಿದ್ರೆ ಯಾವತ್ತಾದ್ರೂ ನೀನೇ ಹುಡುಕ್ಕೊಂಡು ಬರ್ತೀಯ ಅಂತ ಬರೆಸ್ದೆ."